ಪಂಕ್ತಿಭೇದವಿಲ್ಲದ ಮಾಂಸದೂಟ: ಮೂವತ್ತು ಜನಕ್ಕೆ ಐದು ಮೀಟ್ ಲೋಫ್

ಮನೆಗೆ ಮೂವತ್ತು ಜನ ಊಟಕ್ಕೆ ಬರುತ್ತಾರೆ ಎಂದರೆ ಕೋಲಾರದ ಕಡೆ ಮೊದಲು ನೆನಪಾಗುವುದು ಬಿರಿಯಾನಿ ದೇಗ್ಸಿ. ಅದು ಬಿಟ್ಟರೆ ಮುದ್ದೆ, ಮಟನ್ ಸಾರು. ಎರಡೂ ಒಳ್ಳೆಯ ಊಟಗಳೇ. ಆದರೆ ನೆಂಟರು ಬಂದು ಕೂತಾಗ ಅಡುಗೆ ಮಾಡಿದವರು ಮಾತ್ರ ಒಲೆ ಮುಂದೆ ಬೆವರುತ್ತಿರುತ್ತಾರೆ. ಬಡಿಸುವಾಗ ಇನ್ನೊಂದು ಪೇಚು. ಮೊದಲ ಪಂಕ್ತಿಗೆ ತೊಡೆಯ ತುಂಡು ಹೋಗಿರುತ್ತದೆ, ಕೊನೆಯ ಪಂಕ್ತಿಗೆ ಸೌಟು ಹಾಕಿ ಎಷ್ಟು ತಡಕಿದರೂ ಮೂಳೆಯೇ ಸಿಗುತ್ತದೆ.

ಈ ಎರಡೂ ತಾಪತ್ರಯ ತಪ್ಪಿಸುವ ಅಡುಗೆಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ದಾರಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಬರುತ್ತವೆ. ಆ ಸುತ್ತಿನ ಕೆಜಿಎಫ್ ಚಿನ್ನದ ಗಣಿಗಳ ಜೊತೆ ಬೆಳೆದ ಆಂಗ್ಲೋ ಇಂಡಿಯನ್ನರ ಅಡುಗೆಗೆ ಮೀಟ್ ಲೋಫ್ ಹೊಸದಲ್ಲ. ಕೈಮಾಗೆ ಬ್ರೆಡ್ಡು, ಮೊಟ್ಟೆ, ಈರುಳ್ಳಿ, ಮಸಾಲೆ ಸೇರಿಸಿ ಕಲಸಿ, ಬ್ರೆಡ್ಡಿನ ಅಚ್ಚಿಗೆ ತುಂಬಿ ಬೇಯಿಸಿ, ಕೇಕಿನ ಹಾಗೆ ಕೊಯ್ದು ಬಡಿಸುತ್ತಾರೆ. ಮೂಳೆಯ ಮಾತೇ ಇಲ್ಲ. ಮೊದಲು ಕೂತವರಿಗೂ ಕೊನೆಗೆ ಕೂತವರಿಗೂ ಅದೇ ದಪ್ಪದ ಎರಡು ಹೋಳು.

ಗಣಿಯೂರಿನ ನಂಟು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಾರಿಕೆಗೆ ಕೈಹಾಕಿತು. ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರು ಬಂದರು. ತಮಿಳು, ತೆಲುಗು, ಕನ್ನಡದ ಕೂಲಿಗಳು ಬಂದರು. ಮೇಲ್ವಿಚಾರಣೆಯ ಕೆಲಸಗಳಲ್ಲಿ ಆಂಗ್ಲೋ ಇಂಡಿಯನ್ನರು ನೆಲೆಯಾದರು. ಕ್ಲಬ್ಬು, ಚರ್ಚು, ಬಂಗಲೆ, ತೋಟಗಳ ಈ ಊರಿಗೆ ಜನ ‘ಲಿಟಲ್ ಇಂಗ್ಲೆಂಡ್’ ಎಂದೇ ಹೆಸರಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಬೆಂಗಳೂರಿಗೆ, ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ಹೊರಟುಹೋದವು. ಅವರ ಅಡುಗೆಯನ್ನು ಅಳತೆ ಸಮೇತ ಬರೆದಿಟ್ಟವರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಮುಖ್ಯರು. ಆಂಗ್ಲೋ ಇಂಡಿಯನ್ ಅಡುಗೆಯ ಮೇಲೆ ಅವರ ಹಲವು ಪುಸ್ತಕಗಳಿವೆ.

ಲೋಫ್ ಎಂದರೆ ದೊರೆಗಳ ಊಟ ಎಂದುಕೊಳ್ಳಬೇಡಿ. ಹುಟ್ಟಿನಿಂದಲೇ ಅದು ಮಿತವ್ಯಯದ ಅಡುಗೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಸ್ವಲ್ಪ ಮಾಂಸಕ್ಕೆ ಬ್ರೆಡ್ಡು ಸೇರಿಸಿ ಮನೆಮಂದಿಯ ಹೊಟ್ಟೆ ತುಂಬಿಸಿದ್ದು ಇದರಿಂದಲೇ. ಜರ್ಮನಿಯಲ್ಲಿ ನಡುವೆ ಬೇಯಿಸಿದ ಮೊಟ್ಟೆ ಇಟ್ಟ ಲೋಫಿಗೆ ‘ಸುಳ್ಳು ಮೊಲ’ ಎಂಬ ತಮಾಷೆಯ ಹೆಸರು ಉಂಟು. ಮೊಲ ಹೊಡೆದು ತರಲಾಗದವರ ಹಬ್ಬದೂಟ ಅದು.

ನಮಗಂತೂ ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಕೈಮಾ ಉಂಡೆ ಸಾರು ಮಾಡಿದವರು ಅರ್ಧ ಲೋಫನ್ನು ಆಗಲೇ ಕಲಿತಿದ್ದಾರೆ. ಉಂಡೆ ಒಡೆಯದಿರಲಿ ಎಂದು ಅಲ್ಲಿ ಹುರಿಗಡಲೆ ಪುಡಿ ಹಾಕುತ್ತೇವೆ, ಇಲ್ಲಿ ಬ್ರೆಡ್ಡು ಹಾಕುತ್ತಾರೆ. ನಾನು ಎರಡನ್ನೂ ಹಾಕುತ್ತೇನೆ.

ಸಾಮಾನಿನ ಪಟ್ಟಿ

ಮೂವತ್ತು ಜನಕ್ಕೆ ಐದು ಲೋಫ್ ಬೇಕು. ಒಂದೊಂದಕ್ಕೂ ಒಂಬತ್ತು ಇಂಚು ಉದ್ದ, ಐದು ಇಂಚು ಅಗಲದ ಅಚ್ಚು. ಅಂಗಡಿಯಲ್ಲಿ ಕೊಳ್ಳುವ ಮುಂಚೆ ಪರಿಚಯದ ಬೇಕರಿಯಲ್ಲಿ ಬ್ರೆಡ್ಡಿನ ಟಿನ್ ಕೇಳಿ ನೋಡಿ, ಒಂದು ದಿನದ ಮಟ್ಟಿಗೆ ಕೊಟ್ಟರೂ ಕೊಟ್ಟಾರು.

• ಮಟನ್ ಕೈಮಾ: 2.5 ಕೆ.ಜಿ.
• ಕೋಳಿ ತೊಡೆಯ ಕೈಮಾ: 1.5 ಕೆ.ಜಿ.
• ಬ್ರೆಡ್ಡು: 400 ಗ್ರಾಂ (ಹಿಂದಿನ ದಿನದ್ದಾದರೆ ಒಳ್ಳೆಯದು)
• ಹಾಲು: 450 ಮಿ.ಲೀ.
• ಹುರಿಗಡಲೆ ಪುಡಿ: 200 ಗ್ರಾಂ
• ಹಸಿ ಮೊಟ್ಟೆ: 8
• ಬೇಯಿಸಿದ ಮೊಟ್ಟೆ: 20
• ಈರುಳ್ಳಿ: 600 ಗ್ರಾಂ
• ಶುಂಠಿ ಬೆಳ್ಳುಳ್ಳಿ ಪೇಸ್ಟ್: 5 ದೊಡ್ಡ ಚಮಚ
• ಹಸಿಮೆಣಸಿನಕಾಯಿ: 12
• ಕೊತ್ತಂಬರಿ, ಪುದೀನ: ತಲಾ ಒಂದು ಹಿಡಿ
• ಕಾಳುಮೆಣಸಿನ ಪುಡಿ: 4 ಸಣ್ಣ ಚಮಚ
• ಗರಂ ಮಸಾಲೆ: 2 ಸಣ್ಣ ಚಮಚ
• ವಿನೆಗರ್: 4 ದೊಡ್ಡ ಚಮಚ
• ಪುಡಿ ಉಪ್ಪು: 55ರಿಂದ 60 ಗ್ರಾಂ

ಹಳೆಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇದಕ್ಕೆ ದನದ ಮಾಂಸ ಬಳಸುವ ರೂಢಿಯಿತ್ತು. 2021ರಿಂದ ರಾಜ್ಯದಲ್ಲಿ ಜಾನುವಾರು ಹತ್ಯೆ ತಡೆಯುವ ಕಾಯ್ದೆ ಜಾರಿಯಲ್ಲಿದೆ. ಹಾಗಾಗಿ ಇಲ್ಲಿ ಕುರಿ ಮತ್ತು ಕೋಳಿಯ ಲೆಕ್ಕ ಕೊಟ್ಟಿದ್ದೇನೆ. ಬರೀ ಮಟನ್ ಆದರೆ ಖರ್ಚೂ ಹೆಚ್ಚು, ಲೋಫೂ ಗಡುಸು. ಕೋಳಿಯ ತೊಡೆ ಸೇರಿದರೆ ಎರಡೂ ಹದಕ್ಕೆ ಬರುತ್ತವೆ. ಎದೆಯ ಮಾಂಸ ಬೇಡ, ಅದು ಒಣಗುತ್ತದೆ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆಗೇ ಹೋಗಿ, ನಿಮ್ಮ ಬೀದಿಯ ಅಂಗಡಿಗೇ ಹೋಗಿ, ಮಾಂಸದವರಿಗೆ ಎರಡು ಮಾತು ಹೇಳಿ: ಒಂದೇ ಸಲ ಅರೆಯಿರಿ, ಕೊಬ್ಬನ್ನು ಪೂರಾ ತೆಗೆಯಬೇಡಿ. ಒಂದು ಕಿಲೋಗೆ ನೂರೈವತ್ತು ಗ್ರಾಂನಷ್ಟು ಕೊಬ್ಬು ಇರಲೇಬೇಕು. ಕೊಬ್ಬಿಲ್ಲದ ಲೋಫ್ ಬಾಯಲ್ಲಿ ಮರದ ಪುಡಿಯಂತಾಗುತ್ತದೆ. ಜೊತೆಗೆ ಗ್ರೇವಿಗೆ ಒಂದೂವರೆ ಕಿಲೋ ಮೂಳೆ ಕಟ್ಟಿಸಿಕೊಳ್ಳಿ.

ಬ್ರೆಡ್ಡು ಕಂಜೂಸಿಯಲ್ಲ

ನಾಲ್ಕು ಕಿಲೋ ಮಾಂಸಕ್ಕೆ ನಾನೂರು ಗ್ರಾಂ ಬ್ರೆಡ್ಡು ಎಂದ ಕೂಡಲೇ ಮನೆಯ ಹಿರಿಯರೊಬ್ಬರು ಹುಬ್ಬು ಗಂಟಿಕ್ಕುತ್ತಾರೆ: “ನೆಂಟರಿಗೆ ಬ್ರೆಡ್ಡು ತಿನ್ನಿಸ್ತೀಯ?” ಅವರಿಗೆ ಕಾರಣ ತಿಳಿಸಿ ಹೇಳಬೇಕು. ಮಾಂಸ ಬೆಂದಾಗ ಅದರ ನಾರು ಬಿಗಿಯಾಗುತ್ತದೆ, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಹಾಲಿನಲ್ಲಿ ನೆನೆದ ಬ್ರೆಡ್ಡು ಆ ನೀರನ್ನು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ. ಮಾಂಸದ ಕಣಗಳ ನಡುವೆ ಸೇರಿ ಅವು ಕಲ್ಲಿನಂತೆ ಒಂದಕ್ಕೊಂದು ಅಂಟದ ಹಾಗೂ ನೋಡಿಕೊಳ್ಳುತ್ತದೆ. ಮಾಂಸವನ್ನು ಹೆಚ್ಚು ಜನಕ್ಕೆ ಮುಟ್ಟಿಸುವ ಬ್ರೆಡ್ಡೇ ಅದನ್ನು ಮೆತ್ತಗೂ ಇಡುತ್ತದೆ.

ಹುರಿಗಡಲೆ ಪುಡಿಗೆ ಬೇರೆ ಕೆಲಸ. ಮನೆಮಂದಿಗೆ ಒಂದು ಲೋಫ್ ಮಾಡುವಾಗ ಒಂದೆರಡು ಹೋಳು ಒಡೆದರೆ ನಕ್ಕು ತಿನ್ನಬಹುದು. ಎಪ್ಪತ್ತು ಹೋಳು ಕೊಯ್ಯುವಾಗ ಆ ನಗು ಬರುವುದಿಲ್ಲ. ಗಡಲೆ ಪುಡಿ ಇದ್ದರೆ ಹೋಳು ನೇರವಾಗಿ ನಿಲ್ಲುತ್ತದೆ, ಹುರಿದ ಘಮವೂ ಬರುತ್ತದೆ.

ಕಲಸುವ ಕ್ರಮ

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಶುಂಠಿ ಬೆಳ್ಳುಳ್ಳಿ ಪೇಸ್ಟನ್ನೂ ಅದರಲ್ಲೇ ಒಂದು ನಿಮಿಷ ಹುರಿದು ಪೂರಾ ಆರಲು ಬಿಡಿ. ಹಸಿ ಈರುಳ್ಳಿ ಹಾಕಿದರೆ ಬೇಯುವಾಗ ನೀರು ಬಿಟ್ಟು ಲೋಫ್ ಬಿರಿಯುತ್ತದೆ. ಬಿಸಿ ಈರುಳ್ಳಿ ಹಾಕಿದರೆ ಹಸಿ ಮಾಂಸ ಬೆಚ್ಚಗಾಗಿ ಕೆಡಲು ದಾರಿಯಾಗುತ್ತದೆ.

ಬ್ರೆಡ್ಡನ್ನು ಹರಿದು ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲಿ ಕಿವುಚಿ ಗಂಜಿಯಂತೆ ಮಾಡಿ. ಅದಕ್ಕೆ ಹಸಿ ಮೊಟ್ಟೆ, ವಿನೆಗರ್, ಸಣ್ಣಗೆ ಹೆಚ್ಚಿದ ಮೆಣಸಿನಕಾಯಿ ಮತ್ತು ಸೊಪ್ಪು, ಮಸಾಲೆ ಪುಡಿಗಳು, ಆರಿದ ಈರುಳ್ಳಿ, ಗಡಲೆ ಪುಡಿ, ಎಲ್ಲವನ್ನೂ ಹಾಕಿ ಚೆನ್ನಾಗಿ ಬೆರೆಸಿ. ಕೈಮಾ ಮತ್ತು ಉಪ್ಪು ಕೊನೆಗೆ. ಹೀಗೆ ಮಾಡಿದರೆ ಮಾಂಸ ಬಿದ್ದ ಮೇಲೆ ಹೆಚ್ಚು ಕಲಸುವ ಕೆಲಸ ಉಳಿಯುವುದಿಲ್ಲ.

ಕೈಮಾ ಉಂಡೆಯ ಅಭ್ಯಾಸ ಇರುವವರು ಎಡವುವುದು ಇಲ್ಲೇ. ಉಂಡೆಗೆ ಕೈಮಾವನ್ನು ನುಣ್ಣಗೆ ಅರೆದು ನಾದುತ್ತೇವೆ. ಲೋಫನ್ನು ನಾದಬಾರದು. ಉಪ್ಪು ಬಿದ್ದ ಮಾಂಸವನ್ನು ತಿಕ್ಕಿದಷ್ಟೂ ಅದರ ಪ್ರೋಟೀನು ಅಂಟಂಟಾಗಿ ಹೊರಬರುತ್ತದೆ, ಬೆಂದ ಮೇಲೆ ರಬ್ಬರಿನಂತೆ ಪುಟಿಯುತ್ತದೆ. ಬೆರಳುಗಳನ್ನು ಅಗಲಿಸಿ, ಚಿತ್ರಾನ್ನ ಕಲಸುವ ಹಾಗೆ ಮೇಲೆ ಕೆಳಗೆ ಮಾಡಿದರೆ ಸಾಕು. ಆರು ಕಿಲೋಗಿಂತ ಹೆಚ್ಚಿನ ಮಿಶ್ರಣ ಇದು. ಒಂದೇ ಪಾತ್ರೆಯಲ್ಲಿ ಗುದ್ದಾಡುವ ಬದಲು ಎರಡು ಅಗಲವಾದ ಬೇಸಿನ್ನುಗಳಿಗೆ ಹಂಚಿಕೊಳ್ಳಿ.

ಅಚ್ಚಿಗೆ ತುಂಬುವ ಮೊದಲು ನಿಂಬೆ ಗಾತ್ರದ ಉಂಡೆ ತೆಗೆದು, ತಟ್ಟಿ, ತವಾದ ಮೇಲೆ ಬೇಯಿಸಿ ರುಚಿ ನೋಡಿ. ಹಸಿ ಕೈಮಾ ನಾಲಿಗೆಗೆ ಹಾಕಬೇಡಿ. ಉಪ್ಪು, ಖಾರ ಏನಿದ್ದರೂ ಈಗಲೇ ಸರಿಮಾಡಿ, ಓವನ್‌ಗೆ ಹೋದ ಮೇಲೆ ದೇವರೇ ಗತಿ.

ಅಚ್ಚಿಗೆ ಎಣ್ಣೆ ಸವರಿ, ಬಟರ್ ಪೇಪರ್ ಹಾಸಿ, ಅರ್ಧದಷ್ಟು ಮಿಶ್ರಣ ತುಂಬಿ. ಬೇಯಿಸಿದ ಮೊಟ್ಟೆಗಳ ಎರಡೂ ತುದಿಯನ್ನು ಚೂರು ಕತ್ತರಿಸಿ, ಒಂದಕ್ಕೊಂದು ತಾಗುವಂತೆ ನಾಲ್ಕನ್ನು ಉದ್ದಕ್ಕೆ ಸಾಲಾಗಿ ಮಲಗಿಸಿ. ತುದಿ ತೆಗೆಯದಿದ್ದರೆ ಕೆಲವರ ಹೋಳಿಗೆ ಬರೀ ಬಿಳಿ ಬರುತ್ತದೆ, ಪಂಕ್ತಿಭೇದ ಮತ್ತೆ ಶುರು. ಮೇಲೆ ಉಳಿದ ಮಿಶ್ರಣ ಮುಚ್ಚಿ, ಒಳಗೆ ಗಾಳಿ ನಿಲ್ಲದಂತೆ ಒತ್ತಿ, ಅಚ್ಚನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ.

ಭಟ್ಟಿ ಇದ್ದರೆ, ಇಲ್ಲದಿದ್ದರೆ

ಮನೆಯ ಸಣ್ಣ ಓವನ್‌ನಲ್ಲಿ ಒಮ್ಮೆಗೆ ಎರಡು ಅಚ್ಚು ಹಿಡಿಸಿದರೆ ಹೆಚ್ಚು. ಐದಕ್ಕೆ ಮೂರು ಸುತ್ತು, ಅಂದರೆ ನಾಲ್ಕು ಗಂಟೆಗೂ ಮೀರಿದ ಕೆಲಸ. ಕ್ರಿಸ್‌ಮಸ್ ಕೇಕಿನ ಟಿನ್‌ಗಳನ್ನು ಬೇಕರಿಗೆ ಕೊಟ್ಟು ಬೇಯಿಸಿಕೊಂಡು ಬರುವ ಅಭ್ಯಾಸ ಇರುವವರಿಗೆ ಉಪಾಯ ಗೊತ್ತೇ ಇದೆ. ಮಧ್ಯಾಹ್ನದ ಬ್ರೆಡ್ಡು ಇಳಿದ ಮೇಲೆ ಭಟ್ಟಿ ಖಾಲಿ ಇರುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೆಲವು ಬೇಕರಿಗಳಲ್ಲಿ ಮಾಂಸ ಸೇರಿಸುವುದಿಲ್ಲ, ಕೇಳಿಯೇ ಒಯ್ಯಿರಿ.

ಶಾಖ 180 ಡಿಗ್ರಿ ಸೆಲ್ಸಿಯಸ್. ಮೊದಲ 45 ನಿಮಿಷ ಫಾಯಿಲ್ ಮುಚ್ಚಿರಲಿ, ಆಮೇಲೆ ತೆಗೆದು ಇನ್ನೊಂದು 30ರಿಂದ 45 ನಿಮಿಷ. ಕೊನೆಯ 20 ನಿಮಿಷ ಇದೆ ಎನ್ನುವಾಗ ಮೇಲೆ ಟೊಮೆಟೊ ಗೊಜ್ಜು ಸವರಿ. ಅಮೆರಿಕದವರು ಕೆಚಪ್ ಬಳಿಯುತ್ತಾರೆ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಕೋಲಾರದ ಎಪಿಎಂಸಿ ಪಕ್ಕದಲ್ಲೇ ಇರುವಾಗ ನಮಗೆ ಬಾಟಲಿ ಯಾಕೆ? ಒಂದೂವರೆ ಕಿಲೋ ಹಣ್ಣು ಟೊಮೆಟೊ ಬೇಯಿಸಿ ಸೋಸಿ, ನೂರು ಗ್ರಾಂ ಬೆಲ್ಲ, ಅರ್ಧ ಲೋಟ ವಿನೆಗರ್, ಎರಡು ಸಣ್ಣ ಚಮಚ ಅಚ್ಚಖಾರದ ಪುಡಿ, ಉಪ್ಪು ಹಾಕಿ ಸೌಟಿಗೆ ಅಂಟುವವರೆಗೆ ಕುದಿಸಿ. ಅದು ಓವನ್‌ನಲ್ಲಿ ಒಣಗಿ ಕೆಂಪಗೆ ಮಿರುಗುವ ಪದರವಾಗುತ್ತದೆ.

ಓವನ್ನೂ ಇಲ್ಲ, ಬೇಕರಿಯೂ ಒಪ್ಪಲಿಲ್ಲ ಎಂದರೆ ದೊಡ್ಡ ಇಡ್ಲಿ ಪಾತ್ರೆ ಇದೆಯಲ್ಲ. ಅಚ್ಚಿನ ಬಾಯಿಗೆ ಫಾಯಿಲ್ ಬಿಗಿದು, ಒಂದೂಕಾಲು ಗಂಟೆ ಆವಿಯಲ್ಲಿ ಬೇಯಿಸಿ. ನಡುವೆ ನೀರು ಬತ್ತಿದರೆ ಬಿಸಿನೀರನ್ನೇ ಹೊಯ್ಯಿರಿ. ಬೆಂದು ಆರಿದ ಲೋಫನ್ನು ಅಗಲವಾದ ತವಾದಲ್ಲಿ ಬೆಣ್ಣೆ ಹಾಕಿ, ನಾಲ್ಕೂ ಮೈ ಕಂದಾಗುವಂತೆ ಹೊರಳಿಸಿ, ಬಿಸಿ ಗೊಜ್ಜು ಸುರಿಯಿರಿ. ಭಟ್ಟಿಯ ಸುಟ್ಟ ಘಮ ಬರುವುದಿಲ್ಲ, ಮೆದುತನ ಮಾತ್ರ ಒಂದು ಕೈ ಮೇಲೆ.

ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಬೇಡಿ. ಇಡೀ ತುಂಡಿನ ಮಾಂಸದಲ್ಲಿ ರೋಗಾಣು ಹೊರಮೈಯಲ್ಲಿರುತ್ತದೆ. ಅರೆದಾಗ ಅದು ಒಳಗೆಲ್ಲ ಬೆರೆತುಹೋಗುತ್ತದೆ. ಆದ್ದರಿಂದ ಲೋಫಿನ ನಟ್ಟನಡುವೆಯೂ ಬೇಯಬೇಕು. ಕೋಳಿ ಸೇರಿರುವುದರಿಂದ ಒಳಗಿನ ಶಾಖ 74 ಡಿಗ್ರಿ ಮುಟ್ಟಬೇಕು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ಮೊಟ್ಟೆಗಲ್ಲ, ಮಾಂಸದ ದಪ್ಪ ಭಾಗಕ್ಕೆ ಚುಚ್ಚಿ ನೋಡಿ. ಮೂವತ್ತು ಜನರ ಹೊಟ್ಟೆಯ ಹೊಣೆ ಹೊತ್ತವರಿಗೆ ಅದು ದುಬಾರಿಯಲ್ಲ.

ತಟ್ಟೆ ತುಂಬಲು

ಲೋಫಿನ ಜೊತೆಗೆ ಎರಡು ದಾರಿ. ಇಂಗ್ಲಿಷ್ ದಾರಿಯಲ್ಲಿ ಐದು ಕಿಲೋ ಆಲೂಗಡ್ಡೆ ಬೇಯಿಸಿ, ಕಾಲು ಕಿಲೋ ಬೆಣ್ಣೆ, ಮುಕ್ಕಾಲು ಲೀಟರ್ ಬಿಸಿ ಹಾಲು ಹಾಕಿ ಮಸೆದದ್ದು, ಎರಡು ಕಿಲೋ ಬೀನ್ಸ್ ಮತ್ತು ಕ್ಯಾರೆಟ್, ನಾಲ್ಕೈದು ಪೌಂಡು ಬ್ರೆಡ್ಡು. ತಂದ ಮೂಳೆಯನ್ನು ಈರುಳ್ಳಿ, ಮೆಣಸಿನ ಜೊತೆ ಕುದಿಸಿ ಸೋಸಿ, ಬೆಣ್ಣೆಯಲ್ಲಿ ಹುರಿದ ಮೈದಾ ಸೇರಿಸಿದರೆ ಗ್ರೇವಿ. ತಲೆಗೆ ನೂರು ಮಿ.ಲೀ.ಯಂತೆ ಮೂರು ಲೀಟರ್ ಬೇಕು. ಇನ್ನೊಂದು ಆಂಗ್ಲೋ ಇಂಡಿಯನ್ನರ ದಾರಿ. ತೆಂಗಿನ ಹಾಲು, ಅರಿಶಿನ ಹಾಕಿದ ಹಳದಿ ಅನ್ನಕ್ಕೆ ಅವರ ಭಾನುವಾರದ ಜೋಡಿ ಬಾಲ್ ಕರಿ, ಅಂದರೆ ಕೈಮಾ ಉಂಡೆಯ ಸಾರು. ಉಂಡೆಯ ಜಾಗದಲ್ಲಿ ಲೋಫ್ ಇಟ್ಟರೆ ಏನೂ ಕೆಡುವುದಿಲ್ಲ. ಅಕ್ಕಿ ಎರಡೂವರೆಯಿಂದ ಮೂರು ಕಿಲೋ. ಶ್ರೀನಿವಾಸಪುರದ ಮಾವಿನ ಕಾಲವಾದರೆ ಸಿಹಿ ಖಾರದ ಮಾವಿನ ಚಟ್ನಿ ಇರಲಿ. ಹಟ ಹಿಡಿದು ಮುದ್ದೆಯನ್ನೇ ಕೇಳುವ ನೆಂಟರಿದ್ದರೆ ಗ್ರೇವಿಯನ್ನು ತೆಳ್ಳಗೆ, ಖಾರವಾಗಿ ಮಾಡಿ ಕೊಡಿ. ಅವರೂ ಸುಖವಾಗಿರಲಿ.

ಮಾಂಸ ತಿನ್ನದವರಿಗೆ ಎಳೆ ಹಲಸಿನಕಾಯಿ ಬೇಯಿಸಿ ಪುಡಿಮಾಡಿ, ಹಾಲು ಬ್ರೆಡ್ಡಿನ ಗಂಜಿ, ಗಡಲೆ ಪುಡಿ, ಅದೇ ಮಸಾಲೆಯಲ್ಲಿ ಚಿಕ್ಕದೊಂದು ಲೋಫ್ ಮಾಡಿ. ಮೊಟ್ಟೆ ಹಾಕದ ಕಾರಣ ಗಡಲೆ ಪುಡಿ ತುಸು ಮುಂದಿರಲಿ. ಅದಕ್ಕೆ ಬೇರೆ ಚಾಕು, ಬೇರೆ ತಟ್ಟೆ.

ರಾತ್ರಿ ಎಂಟರ ಊಟಕ್ಕೆ ಗಡಿಯಾರ

ಹಿಂದಿನ ದಿನ: ಗೊಜ್ಜು, ಮೊಟ್ಟೆ ಬೇಯಿಸುವುದು, ಗಡಲೆ ಪುಡಿ, ಈರುಳ್ಳಿ ಬಾಡಿಸುವುದು. ಎಲ್ಲ ಫ್ರಿಜ್ಜಿಗೆ.
ಮಧ್ಯಾಹ್ನ 1: ಕೈಮಾ ಮತ್ತು ಮೂಳೆ ತಂದು, ಕೈಮಾ ತಕ್ಷಣ ಫ್ರಿಜ್ಜಿಗೆ. ಗ್ರೇವಿಗೆ ಮೂಳೆ ಒಲೆಯ ಮೇಲೆ.
2.30: ಕಲಸುವುದು, ರುಚಿ ನೋಡುವುದು, ಅಚ್ಚು ತುಂಬುವುದು. ಮತ್ತೆ ಫ್ರಿಜ್ಜಿಗೆ.
5: ಭಟ್ಟಿಗೆ.
5.45: ಫಾಯಿಲ್ ತೆಗೆದು, ಸಮಯ ನೋಡಿ ಗೊಜ್ಜು ಸವರುವುದು. ಮನೆಯಲ್ಲಿ ಆಲೂಗಡ್ಡೆ, ತರಕಾರಿ.
6.30: ಶಾಖ ನೋಡಿ ಇಳಿಸುವುದು. ಅಚ್ಚು ಸಮೇತ ಫಾಯಿಲ್ ಸುತ್ತಿ, ದಪ್ಪ ಟವೆಲ್ ಹೊದಿಸಿ, ಮುಚ್ಚಳವಿರುವ ಡಬ್ಬದಲ್ಲಿ.
7.45: ಕೊಯ್ಯುವುದು.

ಹಸಿ ಕೈಮಾವನ್ನು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬೆಂದದ್ದು ಬಿಸಿ ಆರಿ ಎರಡು ಗಂಟೆ ಮೀರಬಾರದು. ಮಿಕ್ಕಿದ್ದನ್ನು ಹೋಳು ಮಾಡಿ ಅಗಲವಾದ ಡಬ್ಬದಲ್ಲಿಟ್ಟರೆ ಬೇಗ ತಣ್ಣಗಾಗುತ್ತದೆ.

ಕೊಯ್ಯುವ ತಾಳ್ಮೆ

ನನ್ನ ಮೊದಲ ಲೋಫನ್ನು ಹೊಗೆಯಾಡುವಾಗಲೇ ಕೊಯ್ದೆ. ತಟ್ಟೆಗೆ ಬಿದ್ದದ್ದು ಕೈಮಾ ಉಪ್ಪಿಟ್ಟು. ರುಚಿ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಏನು ತಿಂಡಿ ಇದು ಎಂದೂ ಕೇಳಿದರು. ಭಟ್ಟಿಯಿಂದ ಇಳಿದ ಲೋಫಿಗೆ ಕನಿಷ್ಠ ಇಪ್ಪತ್ತು ನಿಮಿಷದ ವಿರಾಮ ಬೇಕು. ಆ ಹೊತ್ತಿನಲ್ಲಿ ರಸ ಒಳಗೆ ಮರಳಿ ಹರಡುತ್ತದೆ, ಮೊಟ್ಟೆ, ಬ್ರೆಡ್ಡು ಗಟ್ಟಿ ಕೂರುತ್ತವೆ. ಹಲ್ಲಿರುವ ಬ್ರೆಡ್ ಚಾಕು ತೆಗೆದುಕೊಂಡು, ಒತ್ತದೆ ಗರಗಸದಂತೆ ಎಳೆದು ಕೊಯ್ಯಿರಿ. ಎರಡು ಹೋಳಿಗೊಮ್ಮೆ ಚಾಕು ಒರೆಸಿಕೊಳ್ಳಿ.

ಒಂದು ಲೋಫಿಗೆ ಹದಿನಾಲ್ಕು ಹೋಳು ಬರುತ್ತದೆ. ನಡುವಿನ ಹನ್ನೆರಡರಲ್ಲಿ ಮೊಟ್ಟೆಯ ಹಳದಿ ಬಿಳಿ ಚಕ್ರ ಕಾಣುತ್ತದೆ. ಐದು ಲೋಫಿಗೆ ಅರವತ್ತು, ಮೂವತ್ತು ತಟ್ಟೆಗೆ ಎರಡೆರಡರಂತೆ ಲೆಕ್ಕ ಸರಿಯಾಯಿತು. ಉಳಿಯುವುದು ಹತ್ತು ತುದಿ ಹೋಳುಗಳು. ಅವುಗಳಲ್ಲಿ ಮೊಟ್ಟೆ ಇಲ್ಲ, ನೋಟಕ್ಕೂ ಚೆಂದವಿಲ್ಲ. ಆದರೆ ಅಚ್ಚಿನ ಗೋಡೆಗೆ ತಾಗಿ ಗರಿಗರಿಯಾಗಿ, ಗೊಜ್ಜು ಇಳಿದು ಕರಿಬೆಲ್ಲದಂತೆ ಹಿಡಿದಿರುತ್ತದೆ. ಇವನ್ನು ಬಡಿಸುವ ತಟ್ಟೆಗೆ ಇಡಬೇಡಿ. ಒಳಗೆ ಮುಚ್ಚಿಡಿ.

ಉಳಿದ ಮಾಂಸಕ್ಕೆ ಹೊಸ ಜೀವ ಕೊಡುವುದು ಆಂಗ್ಲೋ ಇಂಡಿಯನ್ನರ ಕೈಗುಣ. ಜಾಲ್‌ಫ್ರೇಜಿ ಎಂಬ ಅಡುಗೆ ಅವರ ಮನೆಯಲ್ಲಿ ಬೆಳೆದದ್ದೇ ನಿನ್ನೆಯ ಮಾಂಸದಿಂದ. ತುದಿ ಹೋಳುಗಳನ್ನು ಮಾರನೆಯ ಬೆಳಿಗ್ಗೆ ಈರುಳ್ಳಿ, ಕಾಳುಮೆಣಸಿನ ಜೊತೆ ಒಳಗೂ ಚೆನ್ನಾಗಿ ಬಿಸಿಯಾಗುವಂತೆ ಹುರಿದು, ಎರಡು ಬ್ರೆಡ್ಡಿನ ನಡುವೆ ಒತ್ತಿ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ಬೆಳಗಾಗುವ ಮುಂಚೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಮನೆಯಿಂದಲೂ ಒಬ್ಬರು ಹೋಗುವವರಿದ್ದರೆ ಒಂದು ತುದಿ ಅವರ ಡಬ್ಬಿಗೆ. ಪಾತ್ರೆ ತೊಳೆಯಲು ನಿಂತವರಿಗೆ ಒಂದೊಂದು. ಉಳಿದದ್ದು ಇಡೀ ದಿನ ನಿಂತು ಅಡುಗೆ ಮಾಡಿದ ನಿಮಗೆ. ಪಂಕ್ತಿಯಲ್ಲಿ ಯಾರಿಗೂ ಭೇದ ಮಾಡದವರು ಇದೊಂದು ಭೇದ ಮಾಡಿಕೊಳ್ಳಬಹುದು.